ಅಮ್ಮನ ಕನ್ನಡಕದ ನಂಬರು

ಮೇಷ್ಟ್ರು ಯಾವ ಮನೆಗೆ ಹೋದರೂ ಕೂರುವ ಮೊದಲೇ ಅರ್ಧ ಭಾಷಣ ಮುಗಿಸಿರುತ್ತಾರೆ. ಶುಕ್ರವಾರ ಬೆಳಿಗ್ಗೆ ಕನ್ನಡಕದ ಅಂಗಡಿಗೆ ಬಂದಾಗಲೂ ಹಾಗೇ ಆಯಿತು. ಮೆಟ್ಟಿಲು ಹತ್ತುತ್ತಲೇ ಶುರು ಮಾಡಿದರು.

"ಭಾನುವಾರ ಹತ್ತು ಗಂಟೆಗೆ ಪ್ರಾರ್ಥನಾ ಮಂದಿರದಲ್ಲಿ ನಿಮ್ಮಮ್ಮನ ನೆನಪಿನ ಸಭೆ ಕಣಮ್ಮಾ. ನೀನು ನಾಲ್ಕು ಮಾತಾಡ್ಬೇಕು. ಇನ್ನೊಂದು ವಿಷಯ. ಬಾಗಿಲ ಪಕ್ಕ ಇಡೋಕೆ ಬಡಗಿ ಒಂದು ಗಾಜಿನ ಪೆಟ್ಟಿಗೆ ಮಾಡಿದ್ದಾನೆ. ಅದರಲ್ಲಿ ಅವರ ಪ್ರಾರ್ಥನೆ ಪುಸ್ತಕ, ಕನ್ನಡಕ ಎರಡೂ ಇಡ್ತೀವಿ. ಕಣ್ಣು ಹೋದ್ರೂ ಸೇವೆ ಬಿಡದ ತಾಯಿ ಅಂತ ಕೆಳಗೆ ಬರೆಸ್ತೀವಿ."

ಕನ್ನಡಕ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಂಗಡಿ ನಡೆಸುವ ಮಗಳ ಕೈಯಿಂದ ಸಾಸಿವೆ ಕಾಳಿನಷ್ಟು ಪುಟ್ಟ ಸ್ಕ್ರೂ ಜಾರಿ ನೆಲಕ್ಕೆ ಬಿತ್ತು. ಹುಡುಕುವ ನೆಪದಲ್ಲಿ ಅವಳು ಮೇಜಿನ ಕೆಳಗೆ ಬಗ್ಗಿದಳು. ಸ್ಕ್ರೂ ಕಣ್ಣೆದುರೇ ಇತ್ತು. ಆದರೂ ಸ್ವಲ್ಪ ಹೊತ್ತು ಅಲ್ಲೇ ಇದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಎಲ್ಲರಿಗೂ ಗೊತ್ತು. ಹೆಗಲು ಮುಟ್ಟಿಕೊಳ್ಳದೆ ಮೇಜಿನ ಕೆಳಗೆ ಅಡಗಿದವಳ ಕಥೆ ಇದು.

"ಆಗ್ಲಿ ಮೇಷ್ಟ್ರೇ, ತರ್ತೀನಿ" ಎಂದಳು, ಕೆಳಗಿನಿಂದಲೇ.

"ಪುಸ್ತಕ ಮೂಲೆಮನೆ ಅಜ್ಜಿ ಹತ್ರ ಇದೆಯಂತೆ. ಅದನ್ನೂ ತಂದುಬಿಡು."

ಅವಳ ಅಮ್ಮನನ್ನು ಊರು ಓದಮ್ಮ ಎಂದು ಕರೆಯುತ್ತಿತ್ತು. ಹುಟ್ಟಿದಾಗ ಇಟ್ಟ ಹೆಸರು ರೇಷನ್ ಕಾರ್ಡಿಗೆ ಮಾತ್ರ ಬಳಕೆಯಾಗುತ್ತಿತ್ತು. ಬೆಳಿಗ್ಗೆ ಐದೂವರೆಗೆ ಎದ್ದು ಮಂದಿರದ ಕಿಟಕಿಗಳನ್ನು ತೆಗೆದು, ನೆಲ ಗುಡಿಸಿ, ಬಂದ ಹತ್ತು ಜನಕ್ಕೆ ಆ ದಿನದ ಪುಟ ಓದುವುದು ಅವಳ ಮೊದಲ ಕೆಲಸ. ಆಮೇಲೆ ಮನೆ, ಅಡುಗೆ, ಹೊಲಿಗೆ. ಮಧ್ಯಾಹ್ನ ಎರಡಾಯಿತೆಂದರೆ ಪುಸ್ತಕ ಕಂಕುಳಲ್ಲಿಟ್ಟು ಹೊರಟುಬಿಡುತ್ತಿದ್ದಳು. ಯಾರು ಹಾಸಿಗೆ ಹಿಡಿದಿದ್ದಾರೋ ಅವರ ಪಕ್ಕ ಕುಳಿತು ಓದುವುದು ಅವಳ ಎರಡನೆಯ ಪ್ರಾರ್ಥನೆ. ದೇವರ ಮಾತೇ ಆಗಬೇಕೆಂಬ ಹಟ ಅವಳಿಗಿರಲಿಲ್ಲ. ದೂರದ ಮಗ ಬರೆದ ಕಾಗದವನ್ನೂ ಓದುತ್ತಿದ್ದಳು, ಔಷಧಿ ಡಬ್ಬಿಯೊಳಗಿನ ಇರುವೆಸಾಲಿನಂಥ ಚೀಟಿಯನ್ನೂ ಓದುತ್ತಿದ್ದಳು. ಕಾಲು ಮುರಿದುಕೊಂಡ ಕ್ಷೌರಿಕನಿಗೆ ಪ್ರಾರ್ಥನೆ ಬೇಡವಾಗಿತ್ತು, ಪತ್ತೇದಾರಿ ಕಾದಂಬರಿ ಬೇಕಾಗಿತ್ತು. ಓದಮ್ಮ ಅದನ್ನೂ ಅಷ್ಟೇ ಭಕ್ತಿಯಿಂದ ಓದಿದಳು. ಕೊಲೆಗಾರ ಯಾರೆಂದು ತಿಳಿಯುವ ಮೊದಲೇ ಕಾಲು ವಾಸಿಯಾಗಿಬಿಟ್ಟಿತು. ಪುಣ್ಯಾತ್ಮ ಅಂಗಡಿಗೆ ಬೀಗ ಹಾಕಿ, ಉಳಿದ ಮೂವತ್ತು ಪುಟ ಕೇಳಲು ಓದಮ್ಮನ ಮನೆಗೇ ಬಂದು ಕುಳಿತ.

ಕೇಳುವವರಿಗೆ ಇದೆಲ್ಲ ಚೆಂದ. ಅವಳ ಹೊಟ್ಟೆಯಲ್ಲಿ ಹುಟ್ಟಿದವಳನ್ನು ಕೇಳಿ ನೋಡಿ. ಅಪ್ಪ ಬೇಗ ತೀರಿಹೋಗಿದ್ದ. ಎಂಟು ವರ್ಷದವಳಿದ್ದಾಗ ಜ್ವರ ಬಂದು ಮಲಗಿದ್ದ ಮಗಳಿಗೆ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿ, "ಒಂದೇ ಗಂಟೆ ಕಣೇ, ಬಂದುಬಿಡ್ತೀನಿ" ಎಂದು ಅಮ್ಮ ಇನ್ಯಾರದೋ ಮಗುವಿಗೆ ಕಥೆ ಓದಲು ಹೋಗಿದ್ದಳು. ಬಟ್ಟೆ ಒಣಗಿತ್ತು, ಅಮ್ಮ ಬಂದಿರಲಿಲ್ಲ. ಆ ಒಣಬಟ್ಟೆಯನ್ನು ಮಗಳು ಮೂವತ್ತು ವರ್ಷ ಮರೆತಿರಲಿಲ್ಲ. ಅದೇ ಅಮ್ಮ ಕಣ್ಣು ಸವೆಸಿಕೊಂಡು ಹೊದಿಕೆ ಹೊಲಿದು ತನ್ನನ್ನು ಕನ್ನಡಕದ ಕೆಲಸ ಕಲಿಯಲು ಕಳಿಸಿದ್ದು, ಅಂಗಡಿ ಇಟ್ಟಾಗ ಮನೆಮನೆಯಲ್ಲೂ "ಕಣ್ಣು ಮಂಜಾದ್ರೆ ನನ್ನ ಮಗಳ ಹತ್ರ ಹೋಗಿ, ಅವಳ ಕೈ ತಪ್ಪೋದೇ ಇಲ್ಲ" ಎಂದು ಹೇಳಿಬಂದದ್ದು ಮಾತ್ರ ಅಷ್ಟು ಬೇಗ ನೆನಪಿಗೆ ಬರುತ್ತಿರಲಿಲ್ಲ. ಮನಸ್ಸಿನ ಹಣೆಬರಹವೇ ಇಷ್ಟು, ಉಂಡ ಅನ್ನ ಮರೆಯುತ್ತದೆ, ಹಲ್ಲಿಗೆ ಸಿಕ್ಕ ಕಲ್ಲು ಮರೆಯುವುದಿಲ್ಲ.

ಮೂರು ವರ್ಷದ ಹಿಂದೆ ಕಲ್ಲು ಮತ್ತೆ ಸಿಕ್ಕಿತು. ಮಗಳ ಮಗಳು ಪುಟ್ಟಿಗೆ ಆಗ ನಾಲ್ಕು ವರ್ಷ. ಗಂಡ ದೂರದೂರಿನ ಬಸ್ಸಿನ ಡ್ರೈವರು. ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ನಾಲ್ಕು ಗಂಟೆಗೆ ಶಿಶುವಿಹಾರದಿಂದ ಪುಟ್ಟಿಯನ್ನು ಕರೆತರುವುದು ಅಜ್ಜಿಯ ಪಾಲಿನ ಕೆಲಸವಾಗಿತ್ತು. ಆ ದಿನ ಸಾಯುತ್ತಿದ್ದ ಹೆಂಗಸೊಬ್ಬಳು ಓದಮ್ಮನ ಕೈ ಹಿಡಿದವಳು ಬಿಡಲೇ ಇಲ್ಲ. ಪುಟ್ಟಿ ಐದೂವರೆಯವರೆಗೆ ಗೇಟಿನ ಬಳಿ ಕಾವಲುಗಾರನ ಸ್ಟೂಲಿನ ಮೇಲೆ, ಚಡ್ಡಿ ಒದ್ದೆ ಮಾಡಿಕೊಂಡು ಕುಳಿತಿತ್ತು.

"ಊರಿಗೆ ಉಪಕಾರಿ, ಮನೆಗೆ ಮಾರಿ!" ಎಂದು ಮಗಳು ಬೀದಿಗೆಲ್ಲ ಕೇಳಿಸುವಂತೆ ಕೂಗಿದಳು. "ಊರಿಗೆಲ್ಲ ಅಮ್ಮ ಆಗಿದೀಯ. ನನಗೆ ಯಾವತ್ತು ಆಗ್ತೀಯ?"

"ತಪ್ಪಾಯ್ತು ಕಣೇ" ಎಂದಳು ಅಮ್ಮ. ಪುಟ್ಟಿಯ ಚಡ್ಡಿ ತೊಳೆದು ಹಾಕಿದಳು. ಮಾರನೆಯ ದಿನ ಎರಡು ಗಂಟೆಗೆ ಪುಸ್ತಕ ಕಂಕುಳಿಗೆ ಹೋಯಿತು.

ಒಂದು ವಾರವಾಗಿರಬಹುದು. ಅಮ್ಮನ ಕನ್ನಡಕ ಕಲ್ಲಿನ ಮೇಲೆ ಬಿದ್ದು ಗಾಜುಗಳೆರಡೂ ಒಡೆದವು. ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಅಂಗಡಿಗೆ ಬಂದು, "ಬೇಗ ಮಾಡಿಕೊಡೇ, ಎರಡು ಗಂಟೆಗೆ ಹೋಗ್ಬೇಕು" ಎಂದಳು.

ಆ ಎರಡು ಗಂಟೆ ಎಂಬ ಮಾತೇ ಸಾಕಾಯಿತು. ಮಗಳು ಒಳಕೋಣೆಗೆ ಹೋಗಿ ಗಾಜುಗಳನ್ನು ನಂಬರಿನ ಕ್ರಮದಲ್ಲಿ ಲಕೋಟೆಗಳಲ್ಲಿ ಜೋಡಿಸಿಟ್ಟ ಡಬ್ಬಿ ಎಳೆದಳು. ಅಮ್ಮನ ಓದಿನ ನಂಬರು ಎರಡೂಮುಕ್ಕಾಲು. ದೂರದ ನೋಟ ಚೆನ್ನಾಗಿಯೇ ಇತ್ತು, ಓದಲಿಕ್ಕಷ್ಟೇ ಕನ್ನಡಕ ಬೇಕಿತ್ತು. ಅವಳು ತೆಗೆದದ್ದು ಒಂದೂಕಾಲರ ಲಕೋಟೆ. ಕೈ ಜಾರಿತು ಎನ್ನಲು ದಾರಿಯಿರಲಿಲ್ಲ, ಎರಡರ ನಡುವೆ ಐದು ಲಕೋಟೆಗಳಿದ್ದವು. ನಡೆದಾಡಲು, ಒಲೆ ಹಚ್ಚಲು ತೊಂದರೆಯಿಲ್ಲ, ಅಕ್ಷರ ಮಾತ್ರ ಮಂಜಾಗುತ್ತದೆ, ಒಂದು ವಾರ ಮನೆಯಲ್ಲಿ ಕುಳಿತರೆ ಬುದ್ಧಿ ಬರುತ್ತದೆ, ಆಮೇಲೆ ಬದಲಾಯಿಸಿದರಾಯಿತು ಎಂದುಕೊಂಡಳು. ಚಕ್ರದ ಮೇಲೆ ಗಾಜಿನ ಅಂಚು ಉಜ್ಜಿ, ಫ್ರೇಮಿಗೆ ಕೂರಿಸಿ, ಒರೆಸಿ, ಅಮ್ಮನ ಮೂಗಿನ ಮೇಲೆ ತಾನೇ ಇಟ್ಟಳು.

ಅಮ್ಮ ಪುಸ್ತಕ ತೆರೆದಳು. ಹತ್ತಿರ ಹಿಡಿದಳು, ದೂರ ಹಿಡಿದಳು. "ಅಕ್ಷರ ಓಡಾಡ್ತಿದೆ ಕಣೇ."

"ವಯಸ್ಸಾಯ್ತಲ್ಲಮ್ಮ. ಕಣ್ಣಿನ ನರ ಸೋತಿದೆ. ಗಾಜಿನಿಂದ ಸರಿಯಾಗೋದಲ್ಲ ಅದು."

"ಹಾಗಾ?" ಎಂದಳು ಅಮ್ಮ. ಡಾಕ್ಟರಿಗೆ ತೋರಿಸುವ ಮಾತು ಬಂದಾಗ, "ನಿನಗಿಂತ ದೊಡ್ಡ ಡಾಕ್ಟರು ಯಾರೇ ಇದ್ದಾರೆ?" ಎಂದು ನಕ್ಕಳು.

ನರ ಎಂಬ ಆ ಸುಳ್ಳು ಬಾಯಿಗೆ ಬರದೆ ಹೋಗಿದ್ದರೆ ವಾರದಲ್ಲಿ ಗಾಜು ಬದಲಾಗುತ್ತಿತ್ತೋ ಏನೋ. ಬಂದುಬಿಟ್ಟಿತು. ಇನ್ನು ಸರಿಯಾದ ಗಾಜು ಹಾಕಿದರೆ ಸೋತ ನರ ರಾತ್ರೋರಾತ್ರಿ ಗೆದ್ದದ್ದು ಹೇಗೆಂದು ಹೇಳಬೇಕಾಗುತ್ತಿತ್ತು. ಒಂದು ಸುಳ್ಳಿಗೆ ಸಾವಿರ ಸುಳ್ಳು ಬೇಕು ಎನ್ನುತ್ತಾರೆ. ಇವಳಿಗೆ ಅಷ್ಟೇನೂ ಬೇಕಾಗಲಿಲ್ಲ. ಸುಮ್ಮನಿರುವುದೇ ಸಾಕಾಯಿತು.

ವಾರ ತಿಂಗಳಾಯಿತು, ತಿಂಗಳು ವರ್ಷವಾಯಿತು. ಮಂದಿರದ ಓದನ್ನು ಅಮ್ಮ ಮೇಷ್ಟ್ರಿಗೆ ಒಪ್ಪಿಸಿದಳು. ಕಸ ಗುಡಿಸಲು ಮಾತ್ರ ಹೋಗುತ್ತಿದ್ದಳು. ನಾಲ್ಕಕ್ಕೆ ಸರಿಯಾಗಿ ಪುಟ್ಟಿಯನ್ನು ಕರೆತರುತ್ತಿದ್ದಳು. ಸಂಜೆ ಮಗಳು ಬರುವಷ್ಟರಲ್ಲಿ ಕಿಟಕಿಯ ಬಳಿ ಕುಳಿತಿರುತ್ತಿದ್ದಳು. ಪುಸ್ತಕವನ್ನು ಮೊಣಕಾಲ ತುದಿಗಿಟ್ಟು ಬೆನ್ನು ಹಿಂದಕ್ಕೆ ಬಾಗಿಸಿ ನೋಡುತ್ತಿದ್ದಳು. "ದೇವರು ನನಗೆ ಇನ್ನೊಂದು ಗೇಣು ಕೈ ಉದ್ದ ಕೊಡ್ಬೇಕಿತ್ತು ನೋಡು" ಎಂದು ನಗುತ್ತಿದ್ದಳು. ಎಂಟು ವರ್ಷದವಳಿದ್ದಾಗಿನಿಂದ ಮಗಳು ಬಯಸಿದ್ದು ಇದನ್ನೇ, ಅಮ್ಮ ಮನೆಯಲ್ಲಿರುವುದನ್ನು. ಈಗ ಇದ್ದಳು. ಅವಳ ಮುಖ ನೋಡಲು ಮಾತ್ರ ಆಗುತ್ತಿರಲಿಲ್ಲ. ಊಟಕ್ಕೆ ಬಡಿಸುವಾಗಲೂ ಮಗಳು ಆ ಕನ್ನಡಕ ತಪ್ಪಿಸಿ ಅಮ್ಮನ ಕಿವಿಯ ಕಡೆ ನೋಡಿ ಮಾತಾಡುತ್ತಿದ್ದಳು.

ಒಂದೇ ಒಂದು ಮನೆಗೆ ಹೋಗುವುದನ್ನು ಅಮ್ಮ ಬಿಟ್ಟಿರಲಿಲ್ಲ. ಮಧ್ಯಾಹ್ನ ಒಂದು ಗಂಟೆ ಹೊತ್ತು ಮೂಲೆಮನೆಗೆ ಹೋಗುತ್ತಿದ್ದಳು. "ಸುಮ್ನೆ ಮಾತಾಡಿ ಬರ್ತೀನಿ, ಪಾಪ ಒಂಟಿ ಮುದುಕಿ" ಎನ್ನುತ್ತಿದ್ದಳು. ತಾನೂ ಎಪ್ಪತ್ತು ದಾಟಿದ್ದು ಅವಳ ಲೆಕ್ಕಕ್ಕೆ ಬಂದಿರಲಿಲ್ಲ.

ಕಳೆದ ತಿಂಗಳು ಎದೆನೋವು ಬಂದು ಆಸ್ಪತ್ರೆಯಲ್ಲಿ ಎರಡೇ ದಿನ ಇದ್ದು ಹೋಗಿಬಿಟ್ಟಳು. ನರ್ಸು ಕನ್ನಡಕ ತೆಗೆಯುವಾಗ, "ಜೋಪಾನ ಕಣಮ್ಮ, ನನ್ನ ಮಗಳು ಮಾಡಿದ್ದು" ಎಂದಿದ್ದಳಂತೆ. ನರ್ಸು ಅದನ್ನು ಕಾಗದದಲ್ಲಿ ಸುತ್ತಿ ಮಗಳ ಕೈಗೆ ಕೊಡುವಾಗ ಈ ಮಾತನ್ನೂ ಕೊಟ್ಟಳು. ಅಂದಿನಿಂದ ಆ ಪೊಟ್ಟಣ ಅಂಗಡಿಯ ಒಳಕೋಣೆಯ ಡ್ರಾಯರಿನಲ್ಲಿ ಹಾಗೇ ಇತ್ತು.

ಶನಿವಾರ ಬೆಳಿಗ್ಗೆ ಮಗಳು ಬಾಗಿಲು ಅರ್ಧ ಮುಚ್ಚಿ ಪೊಟ್ಟಣ ಬಿಚ್ಚಿದಳು. ಗಾಜಿನ ಪೆಟ್ಟಿಗೆಯಲ್ಲಿಟ್ಟ ಕನ್ನಡಕವನ್ನು ನಾಳೆ ಯಾರಾದರೂ ತೆಗೆದು ಹಾಕಿಕೊಂಡು ನೋಡಿದರೆ? ಬೇರೆ ಅಂಗಡಿಯವನು ನಂಬರು ಅಳೆಯುವ ಯಂತ್ರದಲ್ಲಿಟ್ಟರೆ? ಯಾರೂ ಹಾಗೆ ಮಾಡುವುದಿಲ್ಲ. ಆದರೆ ಅಳುಕಿದ ಜೀವಕ್ಕೆ ಹುಲ್ಲುಕಡ್ಡಿಯೂ ಹಾವು. ಎರಡೂಮುಕ್ಕಾಲರ ಲಕೋಟೆ ತೆಗೆದು ಎರಡು ಗಾಜು ಉಜ್ಜಿ ತಟ್ಟೆಯಲ್ಲಿಟ್ಟಳು. ಹಳೆಯದನ್ನು ಕಿತ್ತು ಇದನ್ನು ಕೂರಿಸಲು ಐದು ನಿಮಿಷ ಸಾಕು. ಮೊದಲು ಪುಸ್ತಕ ತಂದುಬಿಡೋಣ ಎಂದು ಹೊರಟಳು. ಕೈ ಯಾಕೋ ಮುಂದೆ ಹೋಗಿರಲಿಲ್ಲ.

ಮೂಲೆಮನೆ ಅಜ್ಜಿ ಹಿಂದೆ ಟೈಲರ್ ಆಗಿದ್ದವಳು. ಈಗ ಸೊಂಟ ಬಿದ್ದು, ಕಣ್ಣಿಗೆ ಪೊರೆ ಬಂದು, ಗೋಡೆಗೆ ಒರಗಿ ಕುಳಿತಲ್ಲೇ ಕುಳಿತಿರುತ್ತಾಳೆ. ಬಾಯಿಗೆ ಮಾತ್ರ ಇನ್ನೂ ಕತ್ತರಿಯ ಹರಿತ.

"ಬಾರೇ ಓದಮ್ಮನ ಮಗಳೇ. ತಿಂಗಳಾದ್ಮೇಲೆ ದಾರಿ ಗೊತ್ತಾಯ್ತಾ?"

"ಪುಸ್ತಕ ಬೇಕಿತ್ತು ಅಜ್ಜಿ. ಮೇಷ್ಟ್ರು ಕೇಳಿದ್ರು."

"ಅಗೋ, ಗೂಡಲ್ಲಿದೆ. ಪಕ್ಕದಲ್ಲಿ ನನ್ನ ಕನ್ನಡಕನೂ ಇದೆ, ಬೀಳಿಸ್ಬೇಡ."

ಗೂಡಿನಲ್ಲಿ ಅಮ್ಮನ ಪುಸ್ತಕವಿತ್ತು. ಅದರ ಪಕ್ಕ ಕಪ್ಪು ಫ್ರೇಮಿನ ಒಂದು ಹಳೆಯ ಕನ್ನಡಕ. ಒಂದು ಕಡ್ಡಿ ಮುರಿದಿದ್ದಲ್ಲಿ ಕೆಂಪು ನೂಲು ಸುತ್ತಿ ಗಂಟು ಹಾಕಿತ್ತು. ಪುಸ್ತಕದ ಕೊನೆಯ ಪುಟಗಳ ನಡುವೆಯೂ ಅದೇ ಕೆಂಪು ನೂಲಿನ ತುಂಡು.

"ಇದು ಇಲ್ಲಿವರೆಗೂ…" ಮಗಳು ನೂಲಿಟ್ಟ ಪುಟ ಬಿಡಿಸಿದಳು. "ಯಾರು ಓದಿದ್ದು?"

"ಇನ್ಯಾರು? ನಾನಾ?" ಎಂದಳು ಅಜ್ಜಿ. "ಹೇಳಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ಲು. ಸತ್ತವರ ಆಣೆ ಮುರಿದ್ರೆ ಪಾಪ ಬರುತ್ತೋ ಏನೋ, ಬರ್ಲಿ ಬಿಡು, ನನ್ನ ಹತ್ರ ಬೇಕಾದಷ್ಟಿದೆ, ಅದರ ಜೊತೆ ಇರುತ್ತೆ. ಒಂದಿನ ಸುಮ್ನೆ ಕೂತಿದ್ದವಳು ನನ್ನ ಕನ್ನಡಕ ಒರೆಸಿ, ಆಟಕ್ಕೆ ಹಾಕ್ಕೊಂಡ್ಲು. ಆಮೇಲೆ ಪುಸ್ತಕ ತೆಗೆದ್ಲು. ಪಟಪಟ ಓದೋಕೆ ಶುರು ಮಾಡಿದ್ಲು ನೋಡು! ಓದ್ತಾ ಓದ್ತಾ ಅತ್ತುಬಿಟ್ಲು. ನಾನಂದೆ, ಎಲಾ ಇವಳಾ, ನಿನ್ನ ಕಣ್ಣಿಗೇನೂ ಆಗಿಲ್ವಲ್ಲೇ, ನಿನ್ನ ಮಗಳು ಕೊಟ್ಟ ಗಾಜೇ ತಪ್ಪು, ಹೋಗಿ ಬದಲಾಯಿಸ್ಕೋ ಅಂತ."

ಮಗಳು ಕೇಳಿದಳು, "ಏನಂದ್ಲು?"

"ಪಾಪ, ಕೈ ತಪ್ಪಿ ಪಕ್ಕದ ಲಕೋಟೆಗೆ ಹೋಗಿರುತ್ತೆ ಅಂದ್ಲು. ಮಗು, ಅಂಗಡಿ, ಗಂಡ ಊರಲ್ಲಿರಲ್ಲ, ಎಷ್ಟೂಂತ ನೋಡ್ತಾಳೆ ಅಂದ್ಲು. ಈಗ ಹೋಗಿ ನಿನ್ನ ಗಾಜು ತಪ್ಪು ಅಂದ್ರೆ ಅವಳು ಕುಸಿದುಹೋಗ್ತಾಳೆ, ಹೆತ್ತ ತಾಯಿ ಕಣ್ಣೇ ಕೆಡಿಸಿದೆ ಅಂತ ಕೊರಗ್ತಾಳೆ. ಊರಿಗೆ ಗೊತ್ತಾದ್ರೆ ಅವಳ ಹತ್ರ ಯಾರು ಬರ್ತಾರೆ, ಅವಳ ಕೈ ತಪ್ಪೋದೇ ಇಲ್ಲ ಅಂತ ನಾನೇ ಸಾರಿದೀನಿ ಅಂದ್ಲು. ನನಗೆ ಇಲ್ಲಿ ದಿನಾ ಒಂದು ಗಂಟೆ ಸಾಕು ಅಂದ್ಲು. ಎರಡೂವರೆ ವರ್ಷ, ಆ ನೂಲು ಕಟ್ಟಿದ ಕನ್ನಡಕದಲ್ಲಿ ಓದಿ, ಹೋಗುವಾಗ ನಿಂದು ಹಾಕ್ಕೊಂಡು ಹೋಗ್ತಿದ್ಲು."

ಮಗಳು ನೆಲಕ್ಕೆ ಕುಳಿತಳು. ನಡುವಿನ ಐದು ಲಕೋಟೆಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಧೂಳು ಹೊಡೆಯಲು ಬಂದಾಗಲೆಲ್ಲ ಅಮ್ಮ ಆ ಡಬ್ಬಿ ನೋಡಿದ್ದಳು. ನೋಡಿಯೂ ಪಕ್ಕದ ಲಕೋಟೆ ಎಂದಳಲ್ಲ.

"ಕೈ ತಪ್ಪಿದ್ದಲ್ಲ ಅಜ್ಜಿ. ಬೇಕೂಂತಲೇ ಹಾಕಿದ್ದು."

ಅಜ್ಜಿಯ ಪೊರೆ ಬಂದ ಕಣ್ಣು ಅವಳ ಕಡೆ ತಿರುಗಿತು. "ಏನಂದೆ?"

"ಮನೆಲಿ ಇರ್ಲಿ ಅಂತ. ನನ್ನ ಜೊತೆ."

ಬೀದಿಯಲ್ಲಿ ಸೈಕಲ್ಲೊಂದು ಗಂಟೆ ಬಾರಿಸಿಕೊಂಡು ಹೋಯಿತು. ಕೊನೆಗೆ ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿ ಹೇಳಿದಳು, "ಪುಸ್ತಕ ತಗೊಂಡು ಹೋಗು. ಇದನ್ನ ಯಾರ ಹತ್ರಾನೂ ಬಾಯಿ ಬಿಡ್ಬೇಡ. ನಿನಗೋಸ್ಕರ ಹೇಳ್ತಿಲ್ಲ. ಅವಳು ಕಣ್ಣು ಕೊಟ್ಟು ಕಾಪಾಡಿದ್ದು ನಿನ್ನ ಹೆಸರನ್ನ. ಅದನ್ನೂ ಕಳೀಬೇಡ."

ಅಂಗಡಿಗೆ ಬಂದಾಗ ತಟ್ಟೆಯಲ್ಲಿ ಹೊಸ ಗಾಜುಗಳು ಮಿನುಗುತ್ತಿದ್ದವು. ಅಜ್ಜಿಯ ಮಾತು ಎಷ್ಟು ಅನುಕೂಲದ ಮಾತು! ಗಾಜು ಬದಲಾಯಿಸು, ಬಾಯಿ ಮುಚ್ಚು, ಅಮ್ಮನ ಆಸೆಯೂ ನಡೆಯುತ್ತದೆ, ನಿನ್ನ ಮರ್ಯಾದೆಯೂ ಉಳಿಯುತ್ತದೆ. ಅವಳು ಸ್ಕ್ರೂಡ್ರೈವರ್ ಎತ್ತಿಕೊಂಡಳು. ಅಮ್ಮನ ಕನ್ನಡಕದ ಮೂಗಿನ ಆಸರೆಯ ಹತ್ತಿರ ಬೆವರಿನ ಕರೆ ಇನ್ನೂ ಇತ್ತು. ಮಗಳ ಕೈಯ ತಪ್ಪನ್ನು ಅಮ್ಮ ಪ್ರತಿದಿನ ಒರೆಸಿ, ಮೂಗಿಗೇರಿಸಿ, ಮೂರು ವರ್ಷ ಹೊತ್ತು ತಿರುಗಿದ್ದಳು. ಇನ್ನು ಅದನ್ನು ಪೆಟ್ಟಿಗೆಯಲ್ಲಿಟ್ಟು ಅಮ್ಮನ ಕಣ್ಣೇ ಹೋಗಿತ್ತು ಎಂದು ಬರೆಸಬೇಕೆ? ಸ್ಕ್ರೂಡ್ರೈವರ್ ಕೆಳಗಿಟ್ಟು, ಹೊಸ ಗಾಜುಗಳನ್ನು ಲಕೋಟೆಗೆ ಹಾಕಿ ಡ್ರಾಯರು ಮುಚ್ಚಿದಳು.

ಭಾನುವಾರ ಮಂದಿರ ತುಂಬಿ ಹೊರಗಿನ ಮೆಟ್ಟಿಲವರೆಗೂ ಜನ. ಮೇಷ್ಟ್ರು ಮಾತಾಡಿದರು, ಕ್ಷೌರಿಕ ಪತ್ತೇದಾರಿ ಕಾದಂಬರಿಯ ಕಥೆ ಹೇಳಿ ನಗಿಸಿದ, ನಗಿಸುತ್ತಲೇ ಅತ್ತ. ಆಮೇಲೆ ಮಗಳ ಸರದಿ. ವೇದಿಕೆ ಹತ್ತಿ ಮುಖ ಎತ್ತಿದವಳಿಗೆ ಮೊದಲು ಕಂಡದ್ದು ಕನ್ನಡಕಗಳು. ಮೇಷ್ಟ್ರದು, ಬಡಗಿಯದು, ಕ್ಷೌರಿಕನ ಹೆಂಡತಿಯದು, ಹಿಂದಿನ ಸಾಲಿನ ಮುದುಕರದು. ಎಲ್ಲ ಅವಳು ಉಜ್ಜಿ ಕೂರಿಸಿದವೇ. ಅಮ್ಮನ ಮಾತು ನಂಬಿ ಬಂದವರು. ಗಂಡ ಎರಡನೆಯ ಸಾಲಿನಲ್ಲಿ ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಅವನಿಗೂ ಗೊತ್ತಿರಲಿಲ್ಲ.

"ಅಮ್ಮನ ಕಣ್ಣು ಹೋಗಿರಲಿಲ್ಲ" ಎಂದಳು. ದನಿ ಎಷ್ಟು ಸಣ್ಣದಾಗಿ ಬಂತೆಂದರೆ ಹಿಂದಿನವರು ಕಿವಿಗೆ ಕೈ ಇಟ್ಟರು. ಅವಳು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. "ಅಮ್ಮನ ಕಣ್ಣು ಹೋಗಿರಲಿಲ್ಲ. ನಾನು ತಪ್ಪು ನಂಬರಿನ ಗಾಜು ಹಾಕಿಕೊಟ್ಟೆ. ಕೈ ತಪ್ಪಿ ಅಲ್ಲ. ಅವಳು ನಿಮ್ಮ ಮನೆಗಳಿಗೆ ಬರಬಾರದು, ನಮ್ಮ ಮನೇಲಿ ಇರಬೇಕು ಅಂತ. ನರ ಸೋತಿದೆ ಅಂತ ಸುಳ್ಳು ಹೇಳಿದೆ. ಆಮೇಲೆ ಮೂಲೆಮನೆ ಅಜ್ಜಿಯ ಕನ್ನಡಕದಲ್ಲಿ ಓದಿದಾಗ ಗಾಜು ತಪ್ಪು ಅಂತ ಅವಳಿಗೆ ಗೊತ್ತಾಯ್ತು. ಬೇಕೂಂತ ಮಾಡಿದ್ದು ಅಂತ ಮಾತ್ರ ಗೊತ್ತಾಗ್ಲಿಲ್ಲ. ನನ್ನ ಹೆಸರು ಕೆಡಬಾರದು ಅಂತ ಸಾಯೋವರೆಗೂ ಅದನ್ನೇ ಹಾಕ್ಕೊಂಡಿದ್ಲು. ನಿಮ್ಮಲ್ಲಿ ಎಷ್ಟೋ ಜನ ಅವಳಿಗೆ ಕಾದಿದ್ರಿ. ಅವಳು ಬರದೇ ಇದ್ದದ್ದು ನನ್ನಿಂದ."

ಮೊದಲು ಮೇಷ್ಟ್ರು ತಮ್ಮ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ಬಡಗಿ. ಆಮೇಲೆ ಒಬ್ಬೊಬ್ಬರ ಕೈಯೂ ಮೂಗಿನ ಕಡೆ ಹೋಯಿತು. ಗಂಡ ನೆಲ ನೋಡುತ್ತಿದ್ದ. ಯಾರೂ ಬೈಯಲಿಲ್ಲ. ಬೈದಿದ್ದರೆ ನಿಂತುಕೊಳ್ಳಲು ಒಂದು ಆಸರೆಯಾದರೂ ಸಿಗುತ್ತಿತ್ತು. ಅವಳು ಇಳಿದು ಬಂದು ಪುಸ್ತಕವನ್ನೂ ಕನ್ನಡಕವನ್ನೂ ಮೇಷ್ಟ್ರ ಮುಂದಿಟ್ಟಳು. ಮೇಷ್ಟ್ರು ಪುಸ್ತಕ ಮಾತ್ರ ತೆಗೆದುಕೊಂಡರು. "ಅಜ್ಜಿಯ ಕನ್ನಡಕ ತರಿಸಿ ಇಡ್ತೀವಿ. ಇದನ್ನ ನೀನೇ ಇಟ್ಕೋ" ಎಂದರು. ಅವರ ಜೀವಮಾನದ ಅತಿ ಸಣ್ಣ ಭಾಷಣ ಅದು.

ಸೋಮವಾರ ಅವಳು ಅಂಗಡಿ ತೆರೆದದ್ದು ಅಭ್ಯಾಸಬಲದಿಂದ. ಯಾರೂ ಬರುವುದಿಲ್ಲವೆಂದು ಗೊತ್ತಿತ್ತು. ಬೋರ್ಡು ಇಳಿಸಲು ಯಾರನ್ನು ಕರೆಯಲಿ ಎಂದು ಯೋಚಿಸುತ್ತಿರುವಾಗಲೇ ಮೇಷ್ಟ್ರು ಮೆಟ್ಟಿಲು ಹತ್ತಿದರು. ಇವತ್ತು ಬಾಯಿ ಮುಚ್ಚಿಕೊಂಡೇ ಬಂದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಂಬರು ಸರಿಯಿದೆಯಾ ನೋಡು."

ಅವಳು ಯಂತ್ರದಲ್ಲಿಟ್ಟು ನೋಡಿದಳು. ಹಳೆಯ ಚೀಟಿ ತೆಗೆದು ತಾಳೆ ಹಾಕಿದಳು. "ಸರಿಯಿದೆ ಮೇಷ್ಟ್ರೇ."

"ಇನ್ನೊಂದು ಸಲ ನೋಡು."

ನೋಡಿದಳು. ಮೇಷ್ಟ್ರು ಹಾಕಿಕೊಂಡು ಹೋದರು. ಅವರ ಹಿಂದೆಯೇ ಬಡಗಿ ನಿಂತಿದ್ದ. ಅವನ ಹಿಂದೆ ಕ್ಷೌರಿಕನ ಹೆಂಡತಿ. ಅವಳ ಹಿಂದೆ ಬೀದಿಯುದ್ದಕ್ಕೂ ಸಾಲು. ಯಾರೂ ಕುಶಲ ಕೇಳಲಿಲ್ಲ, ಯಾರೂ ಮುಖ ನೋಡಲಿಲ್ಲ. ತೆಗೆದು ಇಡುವುದು, ಕಾಯುವುದು, ಹಾಕಿಕೊಂಡು ಹೋಗುವುದು. ಕ್ಷೌರಿಕ ಒಬ್ಬನೇ, ಹೋಗುವ ಮುಂಚೆ ಬಾಗಿಲಲ್ಲಿ ನಿಂತು, "ನಿಮ್ಮಮ್ಮ ಹೇಳಿದ್ದು ಸುಳ್ಳಲ್ಲ ಅಂತಾಯ್ತು" ಎಂದ. ಅದು ಚುಚ್ಚುಮಾತೋ ಸಮಾಧಾನವೋ ಅವಳಿಗೆ ತಿಳಿಯಲಿಲ್ಲ. ಊಟಕ್ಕೆ ಏಳಲಿಲ್ಲ. ಒಂದೊಂದನ್ನೂ ಎರಡೆರಡು ಸಲ ಯಂತ್ರದಲ್ಲಿಟ್ಟಳು. ಎಲ್ಲಿಯಾದರೂ ಇನ್ನೊಂದು ತಪ್ಪು ಸಿಗಲಿ, ತಾನು ಎಲ್ಲರಿಗೂ ಕೈ ತಪ್ಪುವವಳೇ ಆಗಿರಲಿ ಎಂದು ಒಳಗೊಳಗೇ ಬೇಡಿಕೊಂಡಳು.

ಸಂಜೆ ಸಾಲು ಮುಗಿದ ಮೇಲೆ ಡ್ರಾಯರಿನಿಂದ ಅಮ್ಮನ ಕನ್ನಡಕ ತೆಗೆದು ಅದನ್ನೂ ಯಂತ್ರದಲ್ಲಿಟ್ಟಳು. ಒಂದೂಕಾಲು. ಐವತ್ತಮೂರು ಜನರ ಕನ್ನಡಕಗಳೂ ಸರಿಯಾಗಿದ್ದವು. ಇಡೀ ಊರಿನಲ್ಲಿ ಅವಳು ತಪ್ಪಾಗಿ ಮಾಡಿಕೊಟ್ಟದ್ದು ಅಮ್ಮನದೊಂದೇ.